ಮಾಸ್ಟರ್‌ಗೆ ಮಿಸ್ಟ್ರೆಸ್ ಜೋಡಿಯಲ್ಲ

ಪ್ರಶ್ನೆ: ಮೇಡಂ, ನನ್ನ ಮಗಳು ದಾವಣಗೆರೆಯಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ. ಇಂಗ್ಲಿಷ್ ಗ್ರಾಮರ್‌ನಲ್ಲಿ ಲಿಂಗ ಬದಲಿಸಿ ಅಂತ ಒಂದು ಪಟ್ಟಿ ಇದೆ. ಮಾಸ್ಟರ್–ಮಿಸ್ಟ್ರೆಸ್, ಬ್ಯಾಚುಲರ್–ಸ್ಪಿನ್‌ಸ್ಟರ್, ವಿಝರ್ಡ್–ವಿಚ್, ಹೀಗೆ. ಗೈಡಿನಲ್ಲಿ ಮಿಸ್ಟ್ರೆಸ್ ಅಂದರೆ ಶಿಕ್ಷಕಿ ಅಂತಿದೆ. ಇವಳು ಮೊಬೈಲಲ್ಲಿ ನೋಡಿದ್ದಾಳೆ, ಬೇರೆಯೇ ಅರ್ಥ ಬಂದಿದೆ. ಗಾಬರಿಯಾಗಿ ನನ್ನ ಕೇಳಿದಳು, ನನಗೂ ಏನು ಹೇಳಬೇಕೋ ತಿಳಿಯಲಿಲ್ಲ. ಇನ್ನೊಂದು ವಿಷಯ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಗುರುವನ್ನು ಗೌರವಿಸಬೇಕು ಅನ್ನುವ ಇಂಗ್ಲಿಷ್ ವಾಕ್ಯದಲ್ಲಿ ಬಿಟ್ಟ ಜಾಗಕ್ಕೆ ಇವಳು 'ದೇರ್' ತುಂಬಿದ್ದಳು. 'ಹಿಸ್' ಆಗಬೇಕು ಅಂತ ಮಾರ್ಕ್ಸ್ ಕಳೆದರು. 'ನಾನು ಹುಡುಗಿ, ಹಿಸ್ ಯಾಕೆ ಬರೀಲಿ?' ಅಂತ ಜಗಳ. ನಿಜವಾಗಲೂ ಇಂಗ್ಲಿಷಿನಲ್ಲಿ ಈ ಭೇದ ಇದೆಯಾ, ಇಲ್ಲಾ ನಾವೇ ಅತಿ ಮಾಡುತ್ತಿದ್ದೀವಾ? ಒಂದು ಪದದಿಂದ ಯಾರಿಗೆ ಏನಾಗುತ್ತೆ?

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಶಹಬ್ಬಾಸ್ ಹೇಳಿಬಿಡಿ. ಮೂವತ್ತು ವರ್ಷಕ್ಕೂ ಮಿಕ್ಕಿ ಚಿತ್ರದುರ್ಗದಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ಈ ಪಟ್ಟಿಯನ್ನು ಎಷ್ಟು ಬ್ಯಾಚಿನ ಮಕ್ಕಳಿಂದ ಉರು ಹೊಡೆಸಿದೆನೋ ಲೆಕ್ಕವಿಲ್ಲ. ಡಿಕ್ಷನರಿ ತೆಗೆದು ನೋಡಿ ಗಾಬರಿಯಾದ ಹುಡುಗಿ ಒಬ್ಬಳೂ ಸಿಗಲಿಲ್ಲ. ಸಿಕ್ಕಿದ್ದರೂ ಆ ಕಾಲದಲ್ಲಿ ನಾನು 'ಅದೆಲ್ಲ ಪರೀಕ್ಷೆಗೆ ಬರಲ್ಲ, ಬಿಡು' ಅಂದುಬಿಡುತ್ತಿದ್ದೆನೇನೋ.

ನೀವು ಅತಿ ಮಾಡುತ್ತಿಲ್ಲ. ಆ ಪಟ್ಟಿಯ ಮೇಲೆ ನನ್ನ ತಕರಾರು ಒಂದೇ. ಎಡಕ್ಕೊಂದು ಪದ, ಬಲಕ್ಕೊಂದು ಪದ, ನಡುವೆ ಒಂದು ಗೀಟು ಎಳೆದು, ಇವು ತಕ್ಕಡಿಯ ಎರಡು ತಟ್ಟೆ, ತೂಕ ಸಮ ಅಂತ ಅದು ಮಕ್ಕಳನ್ನು ನಂಬಿಸುತ್ತದೆ. ತೂಕ ಸಮ ಇಲ್ಲ. ಹಿಂದೊಮ್ಮೆ ಕೆಲವಕ್ಕೆ ಇತ್ತು, ಆಮೇಲೆ ಬಲಗಡೆಯ ತಟ್ಟೆಯಿಂದ ಯಾರೋ ಒಂದೊಂದೇ ತೂಕದ ಬಟ್ಟು ತೆಗೆದುಕೊಂಡು ಹೋದರು.

ಮಿಸ್ಟ್ರೆಸ್‌ನಿಂದಲೇ ಶುರು ಮಾಡೋಣ. ಆ ಪದಕ್ಕೆ ಮೂಲದಲ್ಲಿದ್ದ ಅರ್ಥ ಮನೆ ಯಜಮಾನಿ. ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದಾಗ ಅವಳು ಆಳುಕಾಳಿಗೆ ಹುಕುಂ ಕೊಡುವವಳು, ಮಕ್ಕಳಿಗೆ ಪಾಠ ಹೇಳುವವಳು, ಉಗ್ರಾಣದ ಬೀಗದ ಕೈ ಇಟ್ಟುಕೊಂಡವಳು. ಮಾಸ್ಟರ್‌ಗೆ ಇದ್ದ ಅಧಿಕಾರವೇ ಅವಳಿಗೂ ಇತ್ತು. ಆಮೇಲೆ ಮಾಸ್ಟರ್ ಮೆಟ್ಟಿಲು ಹತ್ತುತ್ತಾ ಹೋದ. ಮಾಸ್ಟರ್ ಪ್ಲಾನ್, ಮಾಸ್ಟರ್ ಕೀ, ಮಾಸ್ಟರ್ ಡಿಗ್ರಿ. ನಮ್ಮ ಮೇಷ್ಟ್ರು ಕೂಡ ಅದೇ ವಂಶದವರು. ಮಿಸ್ಟ್ರೆಸ್ ಮಾತ್ರ ಇಳಿಯುತ್ತಾ ಬಂದಳು. ಬೀಗದ ಕೈ ಇಟ್ಟುಕೊಂಡವಳು ಬರೀ ಇಟ್ಟುಕೊಂಡವಳಾದಳು. ಕನ್ನಡದ ಈ ಮಾತನ್ನೂ ಸ್ವಲ್ಪ ನಿಂತು ನೋಡಿ: ಇಟ್ಟುಕೊಂಡದ್ದು ಅವನು, ಹೆಸರು ಅಂಟಿದ್ದು ಅವಳಿಗೆ. ಅವನಿಗೆ ಪ್ರತ್ಯೇಕ ಪದವೇ ಇಲ್ಲ.

ಹಳೇ ಗೌರವ ಉಳಿದಿರುವುದು ಹೆಡ್‌ಮಿಸ್ಟ್ರೆಸ್ ಎಂಬಲ್ಲಿ. ನಮ್ಮ ಶಾಲೆಗಳಲ್ಲಿ ಅದೂ 'ಎಚ್ಚೆಂ ಮೇಡಂ' ಆಗಿ ಮುಜುಗರದಿಂದ ಪಾರಾಗಿದೆ.

ತಮಾಷೆ ಅಂದರೆ ಆ ಪದವನ್ನು ನಿಮ್ಮ ಮಗಳು ದಿನಾ ಹತ್ತು ಸಲ ಕೂಗುತ್ತಾಳೆ. ಕ್ಲಾಸಿನ ಬಾಗಿಲಲ್ಲಿ ನಿಂತು 'ಮಿಸ್, ಒಳಗ್ ಬರ್ಲಾ?' ಅನ್ನುವಾಗ ಆ ಮಿಸ್ ಅನ್ನುವುದು ಮಿಸ್ಟ್ರೆಸ್‌ನ ಒಂದು ಚೂರು. ಮಿಸೆಸ್ ಇನ್ನೊಂದು ಚೂರು. ಮದುವೆಯಾಗಿದೆಯೋ ಇಲ್ಲವೋ ಎಂಬುದನ್ನು ಹೆಸರಿನ ಹಿಂದೆಯೇ ತೂಗುಹಾಕಬೇಕಾದ ಗ್ರಹಚಾರ ಹೆಂಗಸಿಗೆ. ಮಿಸ್ಟರ್‌ಗೆ ಆ ಕಾಟ ಇಲ್ಲ. ಇದು ಸರಿಯಲ್ಲ ಅಂತ 1901ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಪತ್ರಿಕೆ 'ಮಿಝ್' ಎಂಬ ಮೂರನೇ ರೂಪ ಸೂಚಿಸಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ದಶಕದಲ್ಲಿ ಮಹಿಳಾ ಚಳವಳಿ ಅದನ್ನು ಎತ್ತಿಕೊಂಡಿತು. ನ್ಯೂಯಾರ್ಕ್ ಟೈಮ್ಸ್ ಒಪ್ಪಿಕೊಂಡು ಅಚ್ಚು ಹಾಕಲು ಶುರುಮಾಡಿದ್ದು 1986ರಲ್ಲಿ. ನಮ್ಮ ಕಡೆ ಮೊಮ್ಮಕ್ಕಳಿರುವ ಟೀಚರನ್ನೂ ಮಕ್ಕಳು ಮಿಸ್ ಅಂತಲೇ ಕರೆಯುವುದರಿಂದ, ಯಾರೂ ಹೋರಾಡದೆಯೇ ನಾವು ಆ ಭೇದವನ್ನು ಅಳಿಸಿಬಿಟ್ಟಿದ್ದೇವೆ. ಹಳೇ ತಲೆಯವರು 'ಅಕ್ಕೋರು' ಅನ್ನುತ್ತಿದ್ದರಲ್ಲ, ಅದು ಇದೆಲ್ಲದಕ್ಕಿಂತ ಚೆಂದ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಇನ್ನು ಸ್ಪಿನ್‌ಸ್ಟರ್. ಚಳ್ಳಕೆರೆ ಕಡೆ ಕಂಬಳಿ ನೇಯುವ ಮನೆಗಳನ್ನು ನೋಡಿದ್ದೀರಾ? ಜಗಲಿಯ ಮೇಲೆ ಅಜ್ಜಿ ಕಾಲು ಚಾಚಿ ಕೂತು ಉಣ್ಣೆ ನೂಲುತ್ತಿರುತ್ತಾಳೆ. ಒಂದು ಕೈ ರಾಟೆಯ ಮೇಲೆ, ಇನ್ನೊಂದು ಕೈಯಲ್ಲಿ ಉಣ್ಣೆಯ ಎಳೆ ಉದ್ದವಾಗುತ್ತಾ ಹೋಗುತ್ತದೆ. ಬಾಯಿ ಮಾತ್ರ ಬೀದಿಯ ಕಡೆ, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಾ. ಒಳಗೆ ಕುಣಿಮಗ್ಗದಲ್ಲಿ ಗಂಡಸು. ನೂಲುವುದು ಹೆಣ್ಣಿನ ಕೆಲಸ, ನೇಯುವುದು ಗಂಡಿನ ಕೆಲಸ. ಸ್ಪಿನ್‌ಸ್ಟರ್ ಅಂದರೆ ಆ ಅಜ್ಜಿ. ಸ್ಪಿನ್ ಅಂದರೆ ನೂಲು, ಸ್ಟರ್ ಅನ್ನುವುದು ಹಳೇ ಇಂಗ್ಲಿಷಿನಲ್ಲಿ ಹೆಂಗಸರ ಕಸುಬು ಹೇಳುವ ಪ್ರತ್ಯಯ, ನಮ್ಮ 'ಗಿತ್ತಿ' ಇದ್ದ ಹಾಗೆ. ಸೂಲಗಿತ್ತಿ ಅನ್ನುವುದಿಲ್ಲವೇ, ಹಾಗೇ ನೂಲಗಿತ್ತಿ. ನೇಯುವವಳು ವೆಬ್‌ಸ್ಟರ್, ರೊಟ್ಟಿ ಸುಡುವವಳು ಬ್ಯಾಕ್‌ಸ್ಟರ್. ಆ ಕಸುಬುಗಳು ಗಂಡಸರ ಕೈಗೆ ಹೋದಾಗ ಪದಗಳೂ ಹೋದವು, ಹೋಗಿ ಮನೆತನದ ಅಡ್ಡಹೆಸರಾದವು. ಡಿಕ್ಷನರಿಗೆ ಹೆಸರಾದ ನೋವಾ ವೆಬ್‌ಸ್ಟರ್ ಎಂಬ ಮಹಾಶಯನ ಹೆಸರಿನಲ್ಲಿ ಮಗ್ಗದ ಮುಂದೆ ಕೂತ ಒಬ್ಬ ಹೆಂಗಸಿದ್ದಾಳೆ.

ನೂಲುವ ಕೆಲಸ ಮಾತ್ರ ಹೆಂಗಸರಲ್ಲೇ ಉಳಿಯಿತು. ಗಂಡ ಇಲ್ಲದೆ ತನ್ನ ಅನ್ನ ತಾನು ದುಡಿದುಕೊಳ್ಳಲು ಹೆಣ್ಣಿಗೆ ಸಿಗುತ್ತಿದ್ದ ಕೆಲವೇ ದಾರಿಗಳಲ್ಲಿ ಅದೂ ಒಂದು. ಹಾಗಾಗಿ ಹದಿನೇಳನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಕಾಗದಪತ್ರಗಳಲ್ಲಿ ಸ್ಪಿನ್‌ಸ್ಟರ್ ಅಂದರೆ ಮದುವೆಯಾಗದವಳು ಎಂದಾಗಿತ್ತು. ಅಲ್ಲಿಂದ 'ಮದುವೆಯಾಗದೇ ಉಳಿದವಳು', ಮುಂದೆ 'ಯಾರಿಗೂ ಬೇಡವಾದವಳು'. ದುಡಿದು ತಿನ್ನುವ ಹೆಂಗಸಿಗೆ ಇಟ್ಟ ಹೆಸರು ಕೊನೆಗೆ ಅಯ್ಯೋ ಪಾಪ ಅನ್ನಿಸಿಕೊಂಡಿತು. ಇಂಗ್ಲೆಂಡಿನ ಮದುವೆ ರಿಜಿಸ್ಟರಿನಿಂದ ಬ್ಯಾಚುಲರ್, ಸ್ಪಿನ್‌ಸ್ಟರ್ ಎರಡನ್ನೂ ಕೈಬಿಟ್ಟು 'ಸಿಂಗಲ್' ಅಂತ ಬರೆಯತೊಡಗಿದ್ದು 2005ರ ಕೊನೆಯಲ್ಲಿ. ಬ್ಯಾಚುಲರ್ ಏನಾದ? ಅವನು ಡಿಗ್ರಿಯಾದ. ನಿಮ್ಮ ಮಗಳೂ ಮುಂದೆ ಬ್ಯಾಚುಲರ್ ಆಫ್ ಸೈನ್ಸ್ ಆಗುತ್ತಾಳೆ, ಸ್ಪಿನ್‌ಸ್ಟರ್ ಆಫ್ ಸೈನ್ಸ್ ಅಂತ ಯಾವ ವಿಶ್ವವಿದ್ಯಾಲಯವೂ ಕೊಡಲ್ಲ. (ವಿದ್ಯಾನಗರದಲ್ಲಿ ಬಾಡಿಗೆ ಮನೆ ಹುಡುಕುವ ಬ್ಯಾಚುಲರ್‌ನ ಪಾಡು ಬೇರೆ, ಅದಕ್ಕೆ ಇಂಗ್ಲಿಷ್ ಭಾಷೆ ಹೊಣೆಯಲ್ಲ.)

ಪಟ್ಟಿಯ ಉಳಿದವನ್ನು ಬೇಗ ಮುಗಿಸುತ್ತೇನೆ, ಕತೆ ಒಂದೇ. ವಿಝರ್ಡ್ ಈಗ ಜಾಣ, ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಹಾಕಿಕೊಡುವವನು. ವಿಚ್ ಇವತ್ತಿಗೂ ಮಾಟಗಾತಿ. ಗವರ್ನರ್ ಅಂದರೆ ರಾಜ್ಯಪಾಲರು, ಗವರ್ನೆಸ್ ಅಂದರೆ ಶ್ರೀಮಂತರ ಮನೆ ಮಕ್ಕಳಿಗೆ ಪಾಠ ಹೇಳಿಕೊಂಡು ಅಲ್ಲೇ ಉಳಿಯುವ ಹೆಂಗಸು. ವಿ.ಎಸ್. ರಮಾದೇವಿಯವರು 1999ರಲ್ಲಿ ಕರ್ನಾಟಕದ ಮೊದಲ ಮಹಿಳಾ ರಾಜ್ಯಪಾಲರಾದಾಗ ಅವರನ್ನು ಗವರ್ನೆಸ್ ಅಂತ ಯಾರೂ ಕರೆಯಲಿಲ್ಲ. ಪಟ್ಟಿಯ ಸುಳ್ಳು ಅಲ್ಲೇ ಬಯಲಾಯಿತು. ಕೋರ್ಟಿಯರ್ ಅಂದರೆ ಆಸ್ಥಾನದವನು, ಕೋರ್ಟಿಸಾನ್ ಅಂದರೆ ವೇಶ್ಯೆ. ಹೌಸ್‌ವೈಫ್ ಎಂಬ ಪದ ಬಾಯಲ್ಲಿ ಸವೆದು ಸವೆದು 'ಹಸ್ಸಿ' ಆಯಿತು. ಮನೆ ನಡೆಸುವವಳು ನಡತೆಗೆಟ್ಟವಳಾದಳು. ಲಾರ್ಡ್ ಅಂದರೆ ಹಳೇ ಇಂಗ್ಲಿಷಿನಲ್ಲಿ ರೊಟ್ಟಿ ಕಾಯುವವನು, ಲೇಡಿ ಅಂದರೆ ರೊಟ್ಟಿಗೆ ಹಿಟ್ಟು ನಾದುವವಳು. ಲಾರ್ಡ್ ದೇವರ ಹೆಸರಾದ, ಲೇಡಿ ಬಸ್ಸಿನ ಸೀಟಿನ ಮೇಲೆ ಬಂದು ಕೂತಳು.

ಒಂದೋ ಎರಡೋ ಪದಕ್ಕೆ ಹೀಗಾಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಮ್ಯೂರಿಯಲ್ ಶುಲ್ಜ್ ಎಂಬ ಅಮೆರಿಕದ ವಿದ್ವಾಂಸೆ 1975ರಲ್ಲಿ ಇಂಥ ಪದಗಳನ್ನು ರಾಶಿ ಹಾಕಿ ತೋರಿಸಿದರು. ಹೆಣ್ಣನ್ನು ಕುರಿತ ಪದ ಎಷ್ಟೇ ಮರ್ಯಾದೆಯಿಂದ ಹುಟ್ಟಿದರೂ ಮೊದಲು ಸ್ವಲ್ಪ ಹಗುರಾಗುತ್ತದೆ, ಆಮೇಲೆ ಬೈಗುಳಕ್ಕೆ, ಬಹಳ ಸಲ ವೇಶ್ಯೆ ಎಂಬ ಅರ್ಥಕ್ಕೆ ಜಾರುತ್ತದೆ. ಗಂಡಸಿನ ಜೋಡಿಪದ ಇದ್ದಲ್ಲೇ ಇರುತ್ತದೆ. ಪದಗಳು ತಾವಾಗಿ ಜಾರುವುದಿಲ್ಲ. ಆಡುವ ಬಾಯಿಗಳು ಅಂಥ ಹೆಂಗಸಿನ ಬಗ್ಗೆ ಏನು ಅಂದುಕೊಂಡಿದ್ದವೋ ಅದು ದಿನವೂ ಒಂದಿಷ್ಟು ಪದಕ್ಕೆ ಮೆತ್ತಿಕೊಂಡಿತು.

ಈಗ ನಿಮ್ಮ ಮಗಳ 'ಹಿಸ್' ಜಗಳಕ್ಕೆ ಬರುತ್ತೇನೆ. ನನಗೆ ಹೆಚ್ಚು ಇಷ್ಟವಾದದ್ದು ಇದೇ. 'ಹಿ' ಅಂದರೆ ಇಬ್ಬರೂ ಸೇರಿಯೇ ಇರುತ್ತಾರೆ, ಅದು ಬರೀ ವ್ಯಾಕರಣ ಅಂತ ಟೀಚರು ಹೇಳಿರುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಈ ಮಾತಿಗೆ ಕಾನೂನಿನ ಮುದ್ರೆ ಬಿದ್ದದ್ದು 1850ರಲ್ಲಿ. ಕಾಯ್ದೆಗಳಲ್ಲಿ ಪುಲ್ಲಿಂಗ ಬಳಸಿದ್ದರೆ ಅದರಲ್ಲಿ ಸ್ತ್ರೀಯರೂ ಸೇರಿದ್ದಾರೆಂದು ತಿಳಿಯತಕ್ಕದ್ದು ಅಂತ ಬ್ರಿಟಿಷ್ ಪಾರ್ಲಿಮೆಂಟು ನಿಯಮ ಮಾಡಿತು. ಸರಿ, ಒಳ್ಳೇದೇ. 1867ರಲ್ಲಿ ಮತದಾನದ ಹೊಸ ಕಾಯ್ದೆ ಬಂತು. ಇಷ್ಟು ಅರ್ಹತೆಯುಳ್ಳ ಪ್ರತಿಯೊಬ್ಬ 'ಮ್ಯಾನ್' ಮತ ಹಾಕಬಹುದು ಅಂತ ಅದರಲ್ಲಿತ್ತು. 'ಮ್ಯಾನ್' ತೆಗೆದು 'ಪರ್ಸನ್' ಹಾಕಿ ಅಂತ ಪಾರ್ಲಿಮೆಂಟಿನ ಸದಸ್ಯರಾಗಿದ್ದ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ತಿದ್ದುಪಡಿ ತಂದರು. ಪರವಾಗಿ 73, ವಿರುದ್ಧ 196. ಬಿದ್ದುಹೋಯಿತು.

ಮುಂದಿನದು ನಡೆದದ್ದು ಮ್ಯಾಂಚೆಸ್ಟರಿನಲ್ಲಿ. ಹತ್ತಿ ಗಿರಣಿಗಳ ಕಾಲದಲ್ಲಿ ನಿಮ್ಮ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಆ ಅಸಲಿ ಮ್ಯಾಂಚೆಸ್ಟರಿನಲ್ಲಿ 5,000ಕ್ಕೂ ಹೆಚ್ಚು ಹೆಂಗಸರು ಎದ್ದು ನಿಂತರು. ನೀವೇ ಹೇಳಿದ್ದೀರಿ, ಪುಲ್ಲಿಂಗದಲ್ಲಿ ನಾವೂ ಸೇರಿದ್ದೇವೆ ಅಂತ, ಹಾಗಿದ್ದರೆ ನಮ್ಮ ಹೆಸರೂ ಮತದಾರರ ಪಟ್ಟಿಗೆ ಸೇರಿಸಿ ಅಂದರು. 1868ರಲ್ಲಿ ಕೋರ್ಟು ಆಗುವುದಿಲ್ಲ ಅಂದಿತು. ತೆರಿಗೆ ಕಟ್ಟುವ 'ಮ್ಯಾನ್' ಒಳಗೆ ಹೆಂಗಸು ಇದ್ದಳು, ಶಿಕ್ಷೆ ಅನುಭವಿಸುವ 'ಹಿ' ಒಳಗೂ ಇದ್ದಳು. ಮತಗಟ್ಟೆ ಹತ್ತಿರ ಬಂದಾಗ ಇಲ್ಲವಾದಳು.

ನಮ್ಮ ದೇಶದಲ್ಲೂ ಹೀಗೇ ಆಯಿತು. ರೆಜಿನಾ ಗುಹಾ ಎಂಬಾಕೆ ಕಾನೂನು ಓದಿ ಪಾಸು ಮಾಡಿ, ವಕೀಲಿ ಮಾಡಲು ಅನುಮತಿ ಕೇಳಿದರು. 1916ರಲ್ಲಿ ಕಲ್ಕತ್ತಾ ಹೈಕೋರ್ಟು ಕೊಡಲಿಲ್ಲ. ವಕೀಲರ ಕಾಯ್ದೆಯಲ್ಲಿದ್ದ 'ಅವನು' ಗಂಡಸೇ ಅಂತ ತೀರ್ಮಾನವಾಯಿತು. ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ 1921ರಲ್ಲಿ ಅದೇ ಉತ್ತರ. ಕೊನೆಗೆ ಹೆಂಗಸರೂ ವಕೀಲರಾಗಬಹುದು ಎಂದು ಹೇಳುವುದಕ್ಕೇ 1923ರಲ್ಲಿ ಬೇರೆ ಕಾಯ್ದೆ ಬೇಕಾಯಿತು. ಇಷ್ಟೆಲ್ಲ ಆದಮೇಲೂ 'ಹಿಸ್ ಅಂದರೆ ಇಬ್ಬರೂ' ಅಂತ ಮಕ್ಕಳಿಗೆ ಹೇಳಲು ನನ್ನ ಬಾಯಿ ಬರುವುದಿಲ್ಲ. ನಿಮ್ಮ ಮಗಳು ಇದ್ಯಾವುದನ್ನೂ ಓದದೆ, ಬರೀ ಕಿವಿಯಿಂದಲೇ ಅದನ್ನು ಹಿಡಿದಿದ್ದಾಳೆ.

ಮತ್ತೆ 'ದೇರ್' ಅನ್ನುವುದು ಈಚಿನವರ ಫ್ಯಾಷನ್ನೂ ಅಲ್ಲ. ಯಾರು ಏನು ಅಂತ ಗೊತ್ತಿಲ್ಲದ ಒಬ್ಬರಿಗೆ 'ದೇ' ಬಳಸುವುದು ಇಂಗ್ಲಿಷಿನಲ್ಲಿ ಹದಿನಾಲ್ಕನೇ ಶತಮಾನದಿಂದ ಇದೆ. ಏಕವಚನಕ್ಕೆ ಬಹುವಚನ ತಪ್ಪು ಅಂತ ಪಂಡಿತರು ಅದರ ಕಿವಿ ಹಿಂಡಿದ್ದು ಬಹಳ ಆಮೇಲೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ಡಿಕ್ಷನರಿಯವರು ಅದನ್ನೇ ವರ್ಷದ ಪದ ಅಂತ ಆರಿಸಿದರು. ಹೌದು, ಅದೇ ವೆಬ್‌ಸ್ಟರ್. ಕನ್ನಡದವರಿಗೆ ಇದರಲ್ಲಿ ಕಷ್ಟವೇ ಇಲ್ಲ. 'ಯಾರೋ ಫೋನ್ ಮಾಡಿದ್ರು, ಅವರು ಆಮೇಲೆ ಮಾಡ್ತಾರಂತೆ' ಅನ್ನುವಾಗ ಒಬ್ಬರಿಗೇ ಬಹುವಚನ ಹಾಕಿ, ಗಂಡೋ ಹೆಣ್ಣೋ ಹೇಳದೆ ಕೆಲಸ ಮುಗಿಸುತ್ತೇವೆ.

ಒಂದು ಪದದಿಂದ ಏನಾಗುತ್ತೆ ಅಂತ ಕೇಳಿದ್ದೀರಿ. ನನ್ನ ಕ್ಲಾಸಿನದೇ ಒಂದು ಪ್ರಸಂಗ ಹೇಳುತ್ತೇನೆ. ಒಮ್ಮೆ ಬೋರ್ಡಿನ ಮೇಲೆ ಎರಡು ಸಾಲು ಬರೆದೆ. 'ಡಾಕ್ಟರ್ ಬಂದರು, ಅವರು ಕುರ್ಚಿಯಲ್ಲಿ ಕೂತರು. ನರ್ಸ್ ಬಂದರು, ಅವರು ಬಾಗಿಲಲ್ಲಿ ನಿಂತರು.' ಇಂಗ್ಲಿಷಿಗೆ ಮಾಡಿ ಅಂದೆ. ಕನ್ನಡದಲ್ಲಿ ಎಲ್ಲಿಯೂ ಗಂಡು ಹೆಣ್ಣಿನ ಸುಳಿವಿಲ್ಲ. ನೋಟ್ಸ್ ತಂದುಕೊಟ್ಟಾಗ ನೋಡಿದರೆ ಡಾಕ್ಟರ್ ಎಲ್ಲರಲ್ಲೂ 'ಹಿ', ನರ್ಸ್ 'ಶಿ'. ಹುಡುಗಿಯರೂ ಹಾಗೇ ಬರೆದಿದ್ದರು. ಕೊನೇ ಬೆಂಚಿನ ಒಬ್ಬ ಹುಡುಗ ಮಾತ್ರ ನರ್ಸ್‌ಗೆ 'ಹಿ' ಹಾಕಿದ್ದ. ಯಾಕೋ ಅಂದೆ. 'ನಮ್ಮಣ್ಣ ದಾವಣಗೆರೆ ಆಸ್ಪತ್ರೇಲಿ ಬ್ರದರ್ ಆಗಿ ಕೆಲ್ಸ ಮಾಡ್ತಾನೆ ಮೇಡಂ' ಅಂದ. ಸಿಸ್ಟರ್ ಎಂಬ ಪದ ನರ್ಸ್‌ಗೆ ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ, ಗಂಡಸು ಆ ಕೆಲಸಕ್ಕೆ ಬಂದಾಗ ವಾರ್ಡಿನಲ್ಲಿ ಜನ ಬ್ರದರ್ ಅಂತ ಹೊಸದೇ ಹುಟ್ಟಿಸಬೇಕಾಯಿತು. ಹಾಗೇ 'ಲೇಡಿ ಡಾಕ್ಟರ್' ಅಂದರೆ ನಮ್ಮ ಊರುಗಳಲ್ಲಿ ಹೆರಿಗೆ ಡಾಕ್ಟರ್. ಆಕೆ ಮೂಳೆ ಡಾಕ್ಟರೋ ಕಣ್ಣಿನ ಡಾಕ್ಟರೋ ಆಗಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ನನ್ನ ಕ್ಲಾಸಿನ ಮಕ್ಕಳು ಮಾಡಿದ್ದನ್ನೇ ಕಂಪ್ಯೂಟರೂ ಮಾಡಿತು. ಟರ್ಕಿಶ್ ಭಾಷೆಯಲ್ಲಿ ಅವನು, ಅವಳು ಎಂಬ ಭೇದವೇ ಇಲ್ಲ. ಅಲ್ಲಿನ 'ಆ ವ್ಯಕ್ತಿ ಡಾಕ್ಟರ್' ಎಂಬ ವಾಕ್ಯ ಕೊಟ್ಟರೆ ಗೂಗಲ್ ಅನುವಾದ 'ಹಿ' ಎಂದೂ, ನರ್ಸ್‌ಗೆ 'ಶಿ' ಎಂದೂ ಹಾಕುತ್ತಿತ್ತು. ಯಂತ್ರಕ್ಕೆ ಯಾರ ಮೇಲೆ ದ್ವೇಷ? ಜನ ಬರೆದದ್ದನ್ನು ಓದಿ ಕಲಿತದ್ದು ಅದು. 2018ರ ಡಿಸೆಂಬರಿನಲ್ಲಿ ಗೂಗಲ್‌ನವರು ಅಂಥ ವಾಕ್ಯಕ್ಕೆ ಎರಡೂ ರೂಪ ತೋರಿಸುವ ಏರ್ಪಾಡು ಮಾಡಿದರು.

ಇದು ಬರೀ ನೋಟ್‌ಬುಕ್ಕಿನ ವಿಷಯವಾಗಿ ಉಳಿಯುವುದಿಲ್ಲ. ಗೌಷರ್, ಫ್ರೀಸನ್, ಕೇ ಎಂಬ ಮೂವರು ಸಂಶೋಧಕರು 2011ರಲ್ಲಿ ಕೆಲಸದ ಜಾಹೀರಾತುಗಳನ್ನು ಪರೀಕ್ಷೆ ಮಾಡಿದರು. ಪೈಪೋಟಿ, ನಾಯಕತ್ವ, ಹಿಡಿತ ಇಂಥ ಗಂಡಸಿನ ಗುಣ ಅನ್ನಿಸುವ ಪದಗಳು ತುಂಬಿದ್ದರೆ ಅದೇ ಕೆಲಸ ಹೆಂಗಸರಿಗೆ ರುಚಿಸಲಿಲ್ಲ. ನನ್ನಿಂದಾಗದು ಅಂತ ಅವರಿಗೆ ಅನ್ನಿಸಿರಲಿಲ್ಲ, ಇದು ನನ್ನಂಥವಳ ಜಾಗವಲ್ಲ ಅನ್ನಿಸಿತ್ತು. ಬಾಗಿಲಿಗೆ ಬೀಗ ಹಾಕಿರಲಿಲ್ಲ, ಒಳಗೆ ಬರಬೇಡಿ ಅಂತ ಯಾರೂ ಹೇಳಿರಲಿಲ್ಲ. ಆದರೂ ಹೊಸ್ತಿಲಲ್ಲೇ ಕಾಲು ಹಿಂದೆ ಸರಿಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ಪದ ತಿದ್ದಿದರೆ ಸಮಾಜ ತಿದ್ದಿತು ಅಂತ ನಾನು ಹೇಳಿದ ಹಾಗಾಗುತ್ತದೆ. ಟರ್ಕಿಶ್‌ನಲ್ಲೂ ಬಂಗಾಳಿಯಲ್ಲೂ ಅವನು, ಅವಳು ಭೇದ ಇಲ್ಲ. ಅಷ್ಟರಿಂದ ಆ ನಾಡಿನ ಹೆಂಗಸರಿಗೆ ಸಮಪಾಲು ಸಿಕ್ಕಿಬಿಡಲಿಲ್ಲ. ಮೊಳಕಾಲ್ಮೂರು ಕಡೆ ಹೋದರೆ ತೆಲುಗು ಕಿವಿಗೆ ಬೀಳುತ್ತದೆ. ಅಲ್ಲಿ 'ಅದಿ' ಅಂದರೆ ಅವಳೂ ಹೌದು, ಎಮ್ಮೆಯೂ ಹೌದು. ಹವ್ಯಕ ಕನ್ನಡದಲ್ಲೂ ಹೆಂಗಸಿಗೆ 'ಅದು' ಅನ್ನುತ್ತಾರೆ. ಅದಕ್ಕೇ ಅವರು ಹೆಂಗಸರನ್ನು ವಸ್ತು ಅಂದುಕೊಂಡಿದ್ದಾರೆ ಅಂದರೆ ತಪ್ಪಾಗುತ್ತದೆ. ವ್ಯಾಕರಣದ ಲಿಂಗ ಬೇರೆ, ಮನಸ್ಸಿನ ಲಿಂಗ ಬೇರೆ. ನಾನು ಹೆಚ್ಚು ಹೆದರುವುದು ಎರಡನೆಯದಕ್ಕೆ. ಒಂದೇ ಥರ ಆಡಿದರೂ ಹುಡುಗ ಆದರೆ ಲೀಡರ್, ಹುಡುಗಿ ಆದರೆ ಬಾಸ್ಸಿ. ವರ್ಕಿಂಗ್ ಮದರ್ ಅಂತಾರೆ, ವರ್ಕಿಂಗ್ ಫಾದರ್ ಎಲ್ಲಿದ್ದಾನೆ? ಫ್ಯಾಮಿಲಿ ಮ್ಯಾನ್ ಅಂದರೆ ಹೊಗಳಿಕೆ, ಫ್ಯಾಮಿಲಿ ವುಮನ್ ಅಂತ ಯಾರೂ ಅನ್ನುವುದಿಲ್ಲ. ಅವಳು ಇನ್ನೆಲ್ಲಿಗೆ ಹೋಗಿದ್ದಾಳು ಅಂತ.

ನಮ್ಮ ನ್ಯಾಯಾಲಯಗಳೂ ಈಗ ಇದನ್ನು ಗಮನಿಸಿವೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ಹೊರಡಿಸಿತು. ಹೌಸ್‌ವೈಫ್ ಬದಲು ಹೋಮ್‌ಮೇಕರ್ ಅನ್ನಿ, ಕೆರಿಯರ್ ವುಮನ್ ಬೇಡ, ಬರೀ ವುಮನ್ ಸಾಕು, ಅನ್‌ವೆಡ್ ಮದರ್ ಬೇಡ, ಮದರ್ ಅನ್ನಿ. ಸ್ಪಿನ್‌ಸ್ಟರ್, ಮಿಸ್ಟ್ರೆಸ್ ಕೂಡ ಬಿಡಬೇಕಾದವುಗಳ ಪಟ್ಟಿಯಲ್ಲಿವೆ. ಈವ್ ಟೀಸಿಂಗ್ ಕೂಡ. ಇದು ಅಪ್ಪಟ ನಮ್ಮ ದೇಶದ ಇಂಗ್ಲಿಷ್. ಆದಮನನ್ನು ಕೆಡಿಸಿದವಳು ಈವ್ ಅಂತ ಒಂದು ಕಡೆ ಅವಳ ಮೇಲೇ ತಪ್ಪು ಹೊರಿಸಿ, ಇನ್ನೊಂದು ಕಡೆ ಟೀಸಿಂಗ್ ಅಂತ ತಮಾಷೆ ಮಾಡುವ ಪದ. ಕನ್ನಡದ 'ಚುಡಾಯಿಸುವುದು' ಏನೂ ಕಡಿಮೆಯಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮೈಮುಟ್ಟಿ ಹಿಂಸೆ ಕೊಟ್ಟವನ ಬಗ್ಗೆ ಪೇಪರಿನಲ್ಲಿ 'ಚುಡಾಯಿಸಿದ' ಅಂತ ಓದಿದರೆ ಅವನೇನೋ ಪೆಪ್ಪರ್‌ಮಿಂಟ್ ಕಿತ್ತುಕೊಂಡು ಓಡಿದ ಹಾಗೆ ಕೇಳಿಸುತ್ತದೆ.

ಆದ್ದರಿಂದ ಇಂಗ್ಲಿಷನ್ನು ಬೈದು ಕನ್ನಡವನ್ನು ಪಾರು ಮಾಡಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಪಹಣಿ ಇದ್ದರೆ ತೆಗೆದು ನೋಡಿ. ಗಂಡಸಾದರೆ 'ಬಿನ್', ಅಂದರೆ ಇಂಥವರ ಮಗ. ಮದುವೆಯಾದ ಹೆಂಗಸಾದರೆ 'ಕೋಂ', ಅಂದರೆ ಇಂಥವನ ಹೆಂಡತಿ. ಮಗ ಹುಟ್ಟಿನಿಂದ ಸಾಯುವವರೆಗೆ ಬಿನ್ ಆಗಿಯೇ ಉಳಿಯುತ್ತಾನೆ. ಯಾವ ಗಂಡಸೂ ಯಾರಿಗೂ ಕೋಂ ಆಗುವುದಿಲ್ಲ. ಮುತ್ತೈದೆಗೆ ಪುಲ್ಲಿಂಗ ಇಲ್ಲ. ಗಂಡ ಸತ್ತವಳನ್ನು ಕರೆಯುವ ಪದ ಬೈಗುಳವಾಯಿತು, ಹೆಂಡತಿ ಸತ್ತವನ ವಿಧುರ ಎಂಬ ಪದ ನಿಘಂಟು ಬಿಟ್ಟು ಹೊರಗೆ ಬರಲೇ ಇಲ್ಲ. ನಮ್ಮ ದುರ್ಗವನ್ನೇ ತಗೊಳ್ಳಿ. ವೇದಿಕೆ ಹತ್ತಿದವರೆಲ್ಲ 'ಗಂಡುಮೆಟ್ಟಿದ ನಾಡು' ಅಂತಲೇ ಭಾಷಣ ಶುರು ಮಾಡುವುದು. ಆ ಭಾಷಣ ಮುಗಿಸಿ ಕೋಟೆ ನೋಡಲು ಹೋದವರು ಮೊದಲು ಎಲ್ಲಿ ಎಂದು ಕೇಳುವುದು ಓಬವ್ವನ ಕಿಂಡಿಯನ್ನು. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬಳು ಆ ಕಿಂಡಿಯಲ್ಲಿ ಬಗ್ಗಿ ನೋಡಿ, 'ಇಲ್ಲಿ ಮೆಟ್ಟಿದ್ದು ಯಾರು ಮೇಡಂ?' ಅಂದಿದ್ದಳು. ನಗು ಬಂತು, ಉತ್ತರ ಬರಲಿಲ್ಲ.

ಆದರೆ ಇಂಗ್ಲಿಷಿನಲ್ಲಿ ಮಾಡಿದ್ದನ್ನೆಲ್ಲ ಕನ್ನಡದಲ್ಲೂ ಮಾಡಬೇಕು ಅನ್ನುವವರ ಜೊತೆಗೂ ನಾನು ಹೋಗಲಾರೆ. ಇಂಗ್ಲಿಷಿನಲ್ಲಿ ಪೊಯೆಟೆಸ್ ಅಂದರೆ ಅರ್ಧ ಕವಿ ಎಂಬ ಧ್ವನಿ ಬಂದುಬಿಟ್ಟಿದೆ, ಹಾಗಾಗಿ ಅಲ್ಲಿ ಎಲ್ಲರೂ ಪೊಯೆಟ್. ಕ್ರಿಕೆಟ್‌ನವರು 2021ರಲ್ಲಿ ನಿಯಮದ ಪುಸ್ತಕದಿಂದಲೇ ಬ್ಯಾಟ್ಸ್‌ಮನ್ ತೆಗೆದು ಬ್ಯಾಟರ್ ಮಾಡಿದರು, ಒಳ್ಳೇ ಕೆಲಸ. ಕನ್ನಡದಲ್ಲಿ ಲೇಖಕಿ ಅಂದರೆ ಯಾರೂ ಕುಗ್ಗುವುದಿಲ್ಲ, ಕರ್ನಾಟಕ ಲೇಖಕಿಯರ ಸಂಘ ಅಂತ ಬೋರ್ಡೇ ಹಾಕಿಕೊಂಡಿದ್ದಾರೆ. ಒಂದು ಭಾಷೆಯಲ್ಲಿ ಚುಚ್ಚುವುದು ಇನ್ನೊಂದರಲ್ಲಿ ಚುಚ್ಚಲೇಬೇಕೆಂದಿಲ್ಲ.

ಜಾರಿದ ಪದ ಮತ್ತೆ ಮೇಲೆ ಬರುವುದೂ ಉಂಟು, ಅದಕ್ಕೆ ನಮ್ಮೂರಲ್ಲೇ ಸಾಕ್ಷಿ ಇದೆ. ಯಜಮಾನರು ಅಂದರೆ ನಮ್ಮಲ್ಲಿ ಗಂಡ. ಆತ ಒಂದು ಕಾಸು ದುಡಿಯದಿದ್ದರೂ 'ನಮ್ಮನೆ ಯಜಮಾನ್ರು'. ಯಜಮಾನಿ ಎಂಬ ಪದ ಇತ್ತು, ಅಧಿಕಾರ ಇರಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ ಅಂದಿತು. 2023ರಲ್ಲಿ ಗೃಹಲಕ್ಷ್ಮಿ ಬಂದು ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಅಂತಾಯಿತು. ಅರ್ಜಿ ಹಾಕುವ ದಿನಗಳಲ್ಲಿ ಸೇವಾಕೇಂದ್ರದ ಕ್ಯೂನಲ್ಲಿ ನಿಂತಿದ್ದೆ. ಕೌಂಟರಿನ ಹುಡುಗ 'ಯಜಮಾನಿ ಯಾರು, ಮುಂದೆ ಬರ್ರಿ' ಅಂದ. ನನ್ನ ಮುಂದಿದ್ದ ಗಂಡಸು ಪಕ್ಕಕ್ಕೆ ಸರಿದು ಹೆಂಡತಿಗೆ ದಾರಿ ಬಿಟ್ಟ. ಆಕೆ ಸೆರಗು ಸರಿಮಾಡಿಕೊಂಡು, ಬ್ಯಾಗಿನಿಂದ ಕಾರ್ಡು ತೆಗೆದು, 'ನಾನೇ' ಅಂದಳು. ಮಿಸ್ಟ್ರೆಸ್ ಎಂಬ ಪದಕ್ಕೆ ಇಂಗ್ಲೆಂಡಿನಲ್ಲಿ ಮೊದಲಿದ್ದ ಅರ್ಥ ಇದೇ.

ಇನ್ನು ಮನೆಮಟ್ಟಿಗೆ ಏನು ಮಾಡುವುದು ಅಂತ. ಪಟ್ಟಿಯನ್ನು ಬಾಯಿಪಾಠ ಮಾಡಲಿ, ಪರೀಕ್ಷೆಯಲ್ಲಿ ಮಾಸ್ಟರ್ ಎದುರು ಮಿಸ್ಟ್ರೆಸ್ ಅಂತಲೇ ಬರೆಯಲಿ. ಮಾರ್ಕ್ಸ್ ಬಿಟ್ಟುಕೊಟ್ಟು ಕ್ರಾಂತಿ ಮಾಡುವ ವಯಸ್ಸು ಅದಲ್ಲ. ಆದರೆ ತನ್ನ ನೋಟ್‌ಬುಕ್ಕಿನಲ್ಲಿ ಆ ಪಟ್ಟಿಯ ಪಕ್ಕಕ್ಕೆ ಮೂರನೇ ಕಾಲಂ ಎಳೆದು, ಇವತ್ತು ಆ ಪದ ಯಾರಿಗೆ, ಯಾವ ಧಾಟಿಯಲ್ಲಿ ಹೇಳುತ್ತಾರೆ ಅಂತ ಬರೆದುಕೊಳ್ಳಲಿ. ಮಾತಿನಲ್ಲಿ ಬಳಸಬಾರದವು ಯಾವುವು ಅಂತ ಅವಳಿಗೇ ಗೊತ್ತಾಗುತ್ತದೆ. ಅಪ್ಪಿತಪ್ಪಿ ಯಾರನ್ನಾದರೂ ಪರಿಚಯಿಸುವಾಗ 'ಶಿ ಇಸ್ ಮೈ ಮಿಸ್ಟ್ರೆಸ್' ಅಂದುಬಿಟ್ಟರೆ ಕಷ್ಟ.

'ದೇರ್' ವಿಷಯದಲ್ಲಿ ಟೀಚರ ಜೊತೆ ಜಗಳ ಬೇಡ. ಒಳ್ಳೇ ಡಿಕ್ಷನರಿಯಲ್ಲಿ 'ದೇ' ಪದದ ಕೆಳಗೆ ಏಕವಚನದ ಬಳಕೆಯನ್ನು ಕೊಟ್ಟಿರುತ್ತಾರೆ, ಅದನ್ನು ತೆಗೆದುಕೊಂಡು ಹೋಗಿ ಮರ್ಯಾದೆಯಿಂದ ಕೇಳಲಿ. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ, ಬಿಟ್ಟ ಜಾಗ ತುಂಬುವ ಪ್ರಶ್ನೆಯಲ್ಲಿ 'ಹಿಸ್ ಆರ್ ಹರ್' ಅಂತ ಬರೆಯಲಿ, ಅದನ್ನು ತಪ್ಪು ಅನ್ನುವವರು ಈಗ ಕಡಿಮೆ. ತಾನೇ ಸ್ವಂತವಾಗಿ ವಾಕ್ಯ ಬರೆಯುವಾಗ ಇನ್ನೂ ಸುಲಭದ ಉಪಾಯ ಇದೆ. ಶುರುವಿನಲ್ಲೇ 'ಎವ್ರಿ ಸ್ಟೂಡೆಂಟ್' ಬಿಟ್ಟು 'ಆಲ್ ಸ್ಟೂಡೆಂಟ್ಸ್' ಅಂತ ಹಿಡಿಯಲಿ. ಕೊನೆಗೆ 'ದೇರ್' ತಾನಾಗೇ ಬರುತ್ತದೆ, ಆ ವಾಕ್ಯಕ್ಕೆ ಯಾವ ಮೇಷ್ಟ್ರೂ ಕೆಂಪು ಗೀಟು ಎಳೆಯಲಾರರು.